ಎರಡು ಅಡುಗೆಮನೆ

ಆ ಮನೆಯಲ್ಲಿ ಇದ್ದದ್ದು ನಾಲ್ಕೇ ಜನ. ನಾಲ್ವರೂ ಉಣ್ಣುತ್ತಿದ್ದದ್ದು ಬೇರೆ ಬೇರೆ ಹೊತ್ತಿಗೆ. ಸೊಸೆ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಗಿನ ಪಾಳಿಯಿದ್ದ ದಿನ ಒಲೆ ಮುಂದೆ ನಿಂತೇ ಎರಡು ತುತ್ತು ನುಂಗಿ ಓಡುತ್ತಿದ್ದಳು. ಮಗ ಲಿಫ್ಟ್ ಕಂಪನಿಯಲ್ಲಿ ಮೇಲ್ವಿಚಾರಕ. ಎಲ್ಲಾದರೂ ಲಿಫ್ಟು ನಡುವೆ ಸಿಕ್ಕಿಕೊಂಡಿತೆಂದು ಫೋನು ಬಂದರೆ ತಟ್ಟೆ ಬಿಟ್ಟು ಏಳಬೇಕು. ಮೊಮ್ಮಗಳು ಕಾಲೇಜಿನಿಂದ ಬಂದವಳೇ ತಟ್ಟೆ ಹಿಡಿದು ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊತ್ತಿಗೆ ಸರಿಯಾಗಿ ಮೇಜಿನ ಮುಂದೆ ಕೂರುತ್ತಿದ್ದವರು ತಾತ ಒಬ್ಬರೇ. ಮುಚ್ಚಿಟ್ಟ ಪಾತ್ರೆಗಳ ಮುಚ್ಚಳ ತಾವೇ ತೆಗೆದು, ತಾವೇ ಬಡಿಸಿಕೊಂಡು, ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತ ಉಣ್ಣುತ್ತಿದ್ದರು. ಹೆಂಡತಿ ತೀರಿಹೋಗಿ ವರ್ಷ ತುಂಬುತ್ತ ಬಂದಿತ್ತು.

ತಾತ ಆರ್ಕಿಟೆಕ್ಟ್. ಅವರಿದ್ದ ಆ ಕಟ್ಟಡಕ್ಕೆ ನಕ್ಷೆ ಬರೆದವರೂ ಅವರೇ. ಹಾಗಾಗಿ ಅಲ್ಲಿನ ಮಕ್ಕಳಿಗೆಲ್ಲ ಅವರು ‘ಬಿಲ್ಡಿಂಗ್ ತಾತ’. ನಲ್ಲಿ ಸೋರಿದರೂ ಅವರನ್ನೇ ಕೇಳುತ್ತಿದ್ದರು, ಗೋಡೆ ಬಿರುಕುಬಿಟ್ಟರೂ ಅವರನ್ನೇ. ಅವರು ಕೋಲೂರಿಕೊಂಡು ಬರುವುದು ಕಂಡರೆ ಯಾರಾದರೊಬ್ಬರು ಲಿಫ್ಟಿನ ಬಾಗಿಲು ಹಿಡಿದು ನಿಲ್ಲುತ್ತಿದ್ದರು.

ಆ ಮನೆಯ ಅಡುಗೆಮನೆ ಉದ್ದಕ್ಕಿತ್ತು, ಅಗಲವಿರಲಿಲ್ಲ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ಕಾಯಬೇಕು. ಒಲೆಯ ಮುಂದೆ ನಿಂತರೆ ಮೂಗಿನೆದುರಿಗೆ ಗೋಡೆ, ಬೆನ್ನ ಹಿಂದೆ ಗೋಡೆ. ಕೊನೆಯಲ್ಲಿ ಒಂದು ಕಿಟಕಿ. ಅದು ತೆರೆಯುವುದು ಪೈಪುಗಳು ಇಳಿದುಹೋದ ಕತ್ತಲೆ ಸಂದಿಗೆ. ಹಗಲಲ್ಲೂ ದೀಪ ಉರಿಯಬೇಕು.

“ರೀ, ಬೇರೆ ಮನೆ ನೋಡೋಣ ಅಂತ ಎಷ್ಟು ಸಲ ಹೇಳಲಿ?” ಸೊಸೆ ಆಗಾಗ ಗಂಡನನ್ನು ಕೇಳುತ್ತಿದ್ದಳು. “ಲ್ಯಾಬಲ್ಲೂ ಗೋಡೆ ನೋಡಿಕೊಂಡೇ ನಿಂತಿರ್ತೀನಿ. ಮನೆಗೆ ಬಂದರೆ ಇಲ್ಲೂ ಗೋಡೆ.”

“ಅಪ್ಪ ಒಪ್ಪಬೇಕಲ್ಲ.”

“ಕೇಳಿದ್ದೀರಾ?”

“ಕೇಳ್ತೀನಿ, ಕೇಳ್ತೀನಿ,” ಅನ್ನುವಷ್ಟರಲ್ಲಿ ಎಲ್ಲೋ ಒಂದು ಲಿಫ್ಟು ನಿಂತಿರುತ್ತಿತ್ತು.

ಹೀಗಿರುವಾಗ ಒಂದು ದಿನ ನಗರಸಭೆಯ ಹಳೆ ನಕ್ಷೆಗಳ ವಿಭಾಗದಿಂದ ಫೋನು ಬಂತು. ಮಾತಾಡಿದ್ದು ಒಬ್ಬಳು ಹುಡುಗಿ. ಉಗ್ರಾಣ ಖಾಲಿ ಮಾಡುವಾಗ ಹಿಂದಿನ ವಸತಿ ಇಲಾಖೆಯ ನಕ್ಷೆಗಳ ಸುರುಳಿಗಳು ಸಿಕ್ಕಿವೆ, ಅವುಗಳ ಮೇಲೆ ದೊಡ್ಡ ಸಾಹೇಬರ ಮೊಹರು ಬಿಟ್ಟರೆ ಬರೆದವರ ಹೆಸರಿಲ್ಲ, ಆ ಕಾಲದಲ್ಲಿ ಅಲ್ಲಿ ಕೆಲಸಕ್ಕಿದ್ದವರಲ್ಲಿ ಉಳಿದಿರುವವರು ನೀವೊಬ್ಬರೇ ಅಂದಳು.

“ಅವೆಲ್ಲ ಹುಡುಗಾಟದ ಕೆಲಸ ಕಣಮ್ಮ,” ಅಂದರು ತಾತ. “ನನ್ನ ನಿಜವಾದ ಕೆಲಸ ಶುರುವಾದದ್ದೇ ಇಲಾಖೆ ಬಿಟ್ಟ ಮೇಲೆ.”

“ಇರಲಿ ಸರ್, ಒಂದು ಸಲ ಬಂದು ನೋಡಿ. ಪ್ರದರ್ಶನ ಮಾಡ್ತಿದ್ದೀವಿ.”

ಕಣ್ಣು ಮಂದವಾಗಿದ್ದರಿಂದ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹೋದರು. ಅವಳು ಮುಖ ಊದಿಸಿಕೊಂಡೇ ಹೊರಟಳು. “ನಂಗೇನು ಗೊತ್ತಾಗುತ್ತೆ ತಾತ ಅಲ್ಲಿ?”

“ಗೊತ್ತಾಗೋದು ಬೇಡ. ಸಣ್ಣ ಅಕ್ಷರ ಓದಿ ಹೇಳು, ಸಾಕು.”

ನಕ್ಷೆ ವಿಭಾಗದ ಹುಡುಗಿ ಉದ್ದ ಮೇಜಿನ ಮೇಲೆ ಒಂದು ಸುರುಳಿಯನ್ನು ಬಿಡಿಸಿ, ನಾಲ್ಕು ಮೂಲೆಗೂ ಭಾರ ಇಟ್ಟಳು. ಬಸ್ ಡಿಪೋ ನೌಕರರ ವಸತಿಸಾಲು. ಪುಟ್ಟ ಪುಟ್ಟ ಮನೆಗಳು. ತಾತ ಕನ್ನಡಕ ಒರೆಸಿ, ಬಾಗಿ, ಬಹಳ ಹೊತ್ತು ನೋಡಿದರು. ಆಮೇಲೆ ತಲೆಯಾಡಿಸಿಬಿಟ್ಟರು.

“ಇದು ನನ್ನ ಕೈ ಅಲ್ಲ.”

“ಸರಿಯಾಗಿ ನೋಡಿ ಸರ್.”

“ನೋಡಿದೆ. ಯಾರೋ ಬಹಳ ಪ್ರೀತಿಯಿಂದ ಬರೆದಿದ್ದಾರೆ. ನಾನು ಹೀಗೆ ಬರೆದವನಲ್ಲ.”

ಮನೆ ಮನೆಯಲ್ಲೂ ಜನರನ್ನು ಬರೆದಿತ್ತು. ಒಲೆಯ ಮುಂದೆ ಹೆಂಗಸು, ಹೊಸಿಲ ಮೇಲೆ ಮಗು, ಕಲ್ಲುಜಗಲಿಯ ಮೇಲೆ ತರಕಾರಿ ಹೆಚ್ಚುತ್ತ ಕೂತ ಮುದುಕಿ. ಒಲೆಯಿಂದ ಬೀದಿಬಾಗಿಲವರೆಗೆ ಒಂದು ಚುಕ್ಕೆಗೆರೆ. ಮೊಮ್ಮಗಳು ಅದರ ಪಕ್ಕದ ಸಣ್ಣ ಅಕ್ಷರ ಓದಿದಳು: “‘ಅಡುಗೆ ಮಾಡುವವರಿಗೆ ಬಂದವರ ಮುಖ ಕಾಣಬೇಕು. ಇಬ್ಬರು ನಿಲ್ಲುವಷ್ಟು ಜಾಗ. ಒಬ್ಬರು ಕೂರಲು ಜಗಲಿ.’ ಚೆನ್ನಾಗಿದೆ ಅಲ್ವಾ ತಾತ? ಅಯ್ಯೋ, ಇಲ್ಲಿ ನೋಡು, ಬೆಕ್ಕು!”

ಕಾಂಪೌಂಡ್ ಗೋಡೆಯ ಮೇಲೆ, ಬಾಲ ಇಳಿಬಿಟ್ಟುಕೊಂಡು, ಹುರುಳಿಕಾಳಿನಷ್ಟು ದೊಡ್ಡ ಬೆಕ್ಕು. ತಾತ ಇನ್ನಷ್ಟು ಬಾಗಿದರು.

“ನಂದೇ,” ಅಂದರು.

ಇಲಾಖೆಗೆ ಸೇರಿದ ಹೊಸದರಲ್ಲಿ ಪ್ರತಿ ನಕ್ಷೆಯಲ್ಲೂ ಎಲ್ಲಾದರೊಂದು ಕಡೆ ಬೆಕ್ಕು ಬರೆಯುತ್ತಿದ್ದರು. ದೊಡ್ಡ ಸಾಹೇಬರು ಕಂಡುಹಿಡಿದು ಬೈದದ್ದೂ ಉಂಟು. ಒಂದೊಂದೇ ನೆನಪಾಯಿತು. ಡಿಪೋ ಹಿಂದಿನ ಗುಡಿಸಲುಗಳಿಗೆ ಹೋಗಿ, ಹೆಂಗಸರು ಎಲ್ಲಿ ಕೂತು ಬೇಯಿಸುತ್ತಾರೆ, ನೀರು ಎಲ್ಲಿಂದ ತರುತ್ತಾರೆ, ಮಗುವನ್ನು ಎಲ್ಲಿ ಮಲಗಿಸುತ್ತಾರೆ ಅಂತ ಕೇಳಿ ಕೇಳಿ ಬರೆದುಕೊಂಡದ್ದು. “ಗಂಡಸಾಗಿ ಒಲೆ ವಿಚಾರ ಕೇಳ್ತೀಯಲ್ಲಪ್ಪ” ಅಂತ ಅವರು ಸೆರಗು ಬಾಯಿಗಿಟ್ಟು ನಕ್ಕದ್ದು. ಆಗ ತಾವಾಗಿದ್ದ ಆ ಹುಡುಗನ ಮುಖ ಮಾತ್ರ ಎಷ್ಟು ಪ್ರಯತ್ನಪಟ್ಟರೂ ನೆನಪಿಗೆ ಬರಲಿಲ್ಲ. ಯಾರೋ ದೂರದ ನೆಂಟ, ಎಂದೋ ಸತ್ತುಹೋದವನು ಅನ್ನಿಸಿತು. ಮಿಕ್ಕ ಸುರುಳಿಗಳಲ್ಲೂ ಮೊಮ್ಮಗಳು ಬೆಕ್ಕು ಹುಡುಕುತ್ತ ಹೋದಳು. ಸಿಕ್ಕಿದಾಗಲೆಲ್ಲ ಹುಡುಗಿಯರಿಬ್ಬರೂ ನಕ್ಕರು. ತಾತ ನಗಲಿಲ್ಲ.

ಆ ಸಂಜೆ ಅಪರೂಪಕ್ಕೆ ಎಲ್ಲರೂ ಮನೆಯಲ್ಲಿದ್ದರು. ಮೊಮ್ಮಗಳು ಫೋನಿನಲ್ಲಿ ತೆಗೆದ ಚಿತ್ರಗಳನ್ನು ಅಮ್ಮನಿಗೆ ತೋರಿಸಲು ಅಡುಗೆಮನೆಯ ಬಾಗಿಲಲ್ಲಿ ನಿಂತಳು. “ಅಮ್ಮಾ, ತಾತ ಹುಡುಗನಾಗಿದ್ದಾಗ ಬರೆದದ್ದು. ಬೆಕ್ಕು ನೋಡು.”

ಸೊಸೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಬೆಕ್ಕನ್ನು ನೋಡಲಿಲ್ಲ. ಚಿತ್ರವನ್ನು ಬೆರಳಲ್ಲಿ ದೊಡ್ಡದು ಮಾಡಿ ಒಲೆ, ಜಗಲಿ, ಚುಕ್ಕೆಗೆರೆ ನೋಡಿದಳು. ಅಕ್ಷರ ಓದಿದಳು. ಹಿಂದೆ ಅನ್ನ ಉಕ್ಕಿ ಒಲೆ ಆರಿದ್ದು ಗೊತ್ತಾಗಲಿಲ್ಲ. ಫೋನು ಹಿಡಿದುಕೊಂಡೇ ತಾತ ಕೂತಿದ್ದ ಮೇಜಿನ ಹತ್ತಿರ ಬಂದಳು.

“ಮಾವ, ಇದು ನೀವು ಬರೆದದ್ದಾ?”

“ಹೂಂ.”

“ಅಂದರೆ ಇದೆಲ್ಲ ನಿಮಗೆ ಗೊತ್ತಿತ್ತು.”

ತಾತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಗೊತ್ತಿಲ್ಲದೆ ಮಾಡಿದ್ದೀರಿ ಅಂದುಕೊಂಡಿದ್ದೆ. ಗಂಡಸರು, ಒಲೆ ಮುಂದೆ ನಿಂತವರಲ್ಲ, ಪಾಪ ತಿಳೀಲಿಲ್ಲ ಅಂತ ಸುಮ್ಮನಿದ್ದೆ. ಮದುವೆಯಾಗಿ ಬಂದಾಗಿನಿಂದ ಅದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡಿದ್ದೆ!”

“ನೋಡಮ್ಮ, ಅದು ಸರ್ಕಾರಿ ಜಾಗ. ಇದು ಹಾಗಲ್ಲ. ಕಟ್ಟಿಸಿದವನು ಅಂತಸ್ತಿಗೊಂದು ಮನೆ ಜಾಸ್ತಿ ಬೇಕು ಅಂದ. ಎಲ್ಲಿಂದಾದರೂ ಜಾಗ ತೆಗೀಲೇಬೇಕಿತ್ತು.”

“ಮುಂದಿನ ಕೋಣೆಯಿಂದ ತೆಗೀಬಹುದಿತ್ತಲ್ಲ?”

“ಬರೋರು ಮೊದಲು ನೋಡೋದೇ ಮುಂದಿನ ಕೋಣೆ.”

“ಊರಿಗೆ ಉಪಕಾರಿ, ಮನೆಗೆ ಮಾರಿ!” ಅಂದಳು ಸೊಸೆ. “ಡಿಪೋ ಹೆಂಗಸರಿಗೆ ಜಗಲಿ, ಅತ್ತೆಗೆ ಪೈಪಿನ ಸಂದಿ. ಮಂಡಿ ನೋವು ಅಂತ ಕೊನೆಕೊನೆಗೆ ಬಾಗಿಲಲ್ಲಿ ಸ್ಟೂಲು ಹಾಕ್ಕೊಂಡು ಕೂರೋರು, ಯಾರಾದರೂ ಒಳಗೆ ಬರಬೇಕಾದರೆ ಎದ್ದು ಜಾಗ ಬಿಡೋರು. ನೀವು ನೋಡಿದ್ದೀರಲ್ಲ ಅದನ್ನ?”

“ಸಾಕು ಕಣೆ, ಬಿಡು,” ಅಂದ ಮಗ.

“ನೀವು ಸುಮ್ಮನಿರಿ. ಇವತ್ತಿಂದ ನಾನು ಆ ಒಳಗೆ ಕಾಲಿಡಲ್ಲ. ಯಾರಿಗೆ ಹಸಿವಾಗುತ್ತೋ ಅವರು ಹೋಗಿ ಬೇಯಿಸಿಕೊಳ್ಳಿ.”

ಹೇಳಿದ ಹಾಗೇ ಮಾಡಿದಳು. ತಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಉಂಡು ಬರುತ್ತಿದ್ದಳು. ಮಗ ಮೊದಲ ದಿನ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ, ಮರುದಿನವೂ ತಂದ. ಆಮೇಲೆ ಬ್ರೆಡ್ಡು, ಮೊಟ್ಟೆ. ಒಂದು ರಜಾದಿನ ತಾನೇ ಬೇಳೆ ಬೇಯಿಸಲು ಹೋಗಿ ಪಾತ್ರೆಯ ತಳ ಸೀಯಿಸಿ ಇಟ್ಟ.

“ಲಿಫ್ಟು ರಿಪೇರಿ ಮಾಡಿದ ಹಾಗಿದೆ ಅಪ್ಪ,” ಅಂದಳು ಮೊಮ್ಮಗಳು, ಚಮಚದಲ್ಲಿ ಕರಿಕು ಕೆರೆಯುತ್ತ.

“ತಿನ್ನೋದಾದರೆ ತಿನ್ನು. ಇಲ್ಲಾಂದರೆ ನಿಮ್ಮಮ್ಮನ್ನ ಕೇಳು.”

“ನಾನ್ಯಾಕೆ ಕೇಳಲಿ? ನೀನೇ ಕೇಳು, ಗಂಡ ತಾನೇ?”

ತಾತ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದು ಏಳುತ್ತಿದ್ದರು. ಸೊಸೆ ಅವರೊಂದಿಗೆ ಮಾತು ಬಿಟ್ಟಿರಲಿಲ್ಲ. “ಮಾತ್ರೆ ತಗೊಂಡ್ರಾ ಮಾವ?” ಅಂತ ಕೇಳುತ್ತಿದ್ದಳು, “ತಗೊಂಡೆ” ಅಂದರೆ ಹೊರಟುಹೋಗುತ್ತಿದ್ದಳು. ಜಗಳವಾಡಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು ಅವರಿಗೆ.

ಆ ವಾರದಲ್ಲೇ ಒಂದು ದಿನ ಮೊಮ್ಮಗಳಿಗೆ ಅಂದರು, “ಆ ಡಿಪೋ ಸಾಲು ಇನ್ನೂ ಇದೆಯೇನೋ, ನೋಡಿಕೊಂಡು ಬರೋಣ ಬಾ.”

ಡಿಪೋ ಮುಚ್ಚಿಹೋಗಿ ಅಲ್ಲಿ ಗೋದಾಮುಗಳು ಎದ್ದಿದ್ದವು. ವಸತಿಸಾಲುಗಳಲ್ಲಿ ಒಂದು ಮಾತ್ರ ಉಳಿದಿತ್ತು, ಅದೂ ಬಣ್ಣ ಉದುರಿ, ತಗಡಿನ ಮುಂಚಾಚು ಹಾಕಿಸಿಕೊಂಡು. ಕೊನೆಯ ಮನೆಯ ಬಾಗಿಲು ತೆರೆದಿತ್ತು. ತಾತ ಹೊಸಿಲ ಬಳಿ ನಿಂತದ್ದೇ ತಡ, ಒಳಗೆ ಒಲೆಯ ಮುಂದಿದ್ದ ಹೆಂಗಸು ತಲೆಯೆತ್ತಿ ನೋಡಿದಳು.

“ಯಾರು ಬೇಕಿತ್ತು?”

“ಮನೆ ನೋಡೋಣ ಅಂತ ಬಂದ್ವಿ.”

“ಇದು ಮಾರೋಕಿಲ್ಲ.”

“ಅಲ್ಲ ಆಂಟಿ,” ಮೊಮ್ಮಗಳು ನಡುವೆ ಬಾಯಿ ಹಾಕಿದಳು, “ನಮ್ಮ ತಾತಾನೇ ಈ ಮನೆ ನಕ್ಷೆ ಬರೆದದ್ದು.”

ಹೆಂಗಸು ಸೌಟು ಹಿಡಿದುಕೊಂಡೇ ಎದ್ದು ಬಂದಳು. “ಹೌದಾ? ಇವರೇನಾ? ಹಾಗಾದರೆ ಹೇಳಿ, ಬಚ್ಚಲ ನೀರು ಹಿಂದಕ್ಕೆ ಯಾಕೆ ಬರುತ್ತೆ? ನಾನು ಮದುವೆಯಾಗಿ ಬಂದಾಗಿನಿಂದ ಬರ್ತಾನೇ ಇದೆ. ಕೇಳೋಣ ಅಂದರೆ ಯಾರೂ ಸಿಕ್ಕಿರಲಿಲ್ಲ.”

ತಾತ ಕೋಲನ್ನು ಮೊಮ್ಮಗಳ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ನೆಲದ ಇಳಿಜಾರನ್ನು ಅಂಗೈಯಲ್ಲಿ ಸವರಿ ನೋಡಿದರು. “ತಪ್ಪು ನಂದೇ ಕಣಮ್ಮ. ಇಳಿಜಾರು ಸಾಲದು.”

“ಈಗ ಹೇಳ್ತೀರಿ!” ಅಂದಳು ಅವಳು. ಆದರೆ ಬೈದಾದ ಮೇಲೆ ಸಮಾಧಾನವಾಗಿ ಚಹಾ ಕಾಸಿದಳು. “ಅಲ್ಲೇ ಕೂತ್ಕೊಳ್ಳಿ,” ಅಂದದ್ದು ಒಲೆಯ ಪಕ್ಕದ ಕಲ್ಲುಜಗಲಿಯ ಮೇಲೆ. ಅವರು ಬಹಳ ಮುತುವರ್ಜಿಯಿಂದ ಬರೆದಿದ್ದ ಪಕ್ಕದ ಕಿಟಕಿಯನ್ನು ಇಟ್ಟಿಗೆಯಿಟ್ಟು ಮುಚ್ಚಿಬಿಟ್ಟಿದ್ದಳು. ಯಾಕೆ ಅಂತ ಕೇಳಿದರೆ, “ಗಾಳಿಗೆ ಒಲೆ ಆರಿಹೋಗ್ತಿತ್ತು” ಅಂದಳು. ತಾತ ತಲೆಯಾಡಿಸಿದರು. ಅಷ್ಟರಲ್ಲಿ ಪಕ್ಕದ ಮನೆಯವಳು ಹೊಸಿಲಿಗೆ ಬಂದು ಒರಗಿ ನಿಂತು ಮಗಳ ಗಂಡನ ವಿಷಯ ಶುರುಮಾಡಿದಳು. ಇವಳು ಬೇಯಿಸುತ್ತಲೇ ಉತ್ತರ ಕೊಟ್ಟಳು. ಬೀದಿಯಲ್ಲಿ ಹೋಗುವವನೊಬ್ಬ “ಅಕ್ಕಾ, ಘಮ್ಮಂತಿದೆ” ಎಂದು ಕೂಗಿಕೊಂಡು ಹೋದ. “ವಾಸನೆಗೆ ಕಾಸು ಕೊಟ್ಟು ಹೋಗು” ಅಂತ ಇವಳು ಒಳಗಿನಿಂದಲೇ ಕೂಗಿದಳು. ಯಾರೂ ತಾತನ ಕಡೆ ನೋಡುತ್ತಿರಲಿಲ್ಲ. ಅವರು ಚಹಾದ ಲೋಟ ಹಿಡಿದುಕೊಂಡು, ಅದು ತಣ್ಣಗಾಗುವವರೆಗೂ ಆ ಮಾತುಗಳನ್ನು ಕೇಳುತ್ತ ಕೂತಿದ್ದರು.

ಮರುದಿನ ಮಧ್ಯಾಹ್ನ ಅವರು ತಮ್ಮ ಮನೆಯ ಅಡುಗೆಮನೆಗೆ ಹೋದರು. ನೀರು ಕುಡಿಯಲೆಂದೋ ಚಹಾ ಬಿಸಿ ಮಾಡಲೆಂದೋ ಹೋದದ್ದು ಬಿಟ್ಟರೆ ಅಲ್ಲಿ ನಿಂತವರಲ್ಲ. ಆಲೂಗಡ್ಡೆ ಹುಡುಕಿ ತೆಗೆದರು. ಹೆಚ್ಚುವ ಮಣೆ ಇಡಲು ಜಾಗ ಸಾಲದೆ ಒಲೆಯ ಮೇಲೇ ಇಟ್ಟುಕೊಂಡರು. ಅಕ್ಕಿ ತೊಳೆದು ಇಟ್ಟರು. ಸಂಜೆ ಮಗ ಬಂದು ಮೂಗರಳಿಸಿ, “ಯಾರು ಮಾಡಿದ್ದು?” ಅಂದ. ಉತ್ತರ ಕೇಳಿ ಬೆರಗಾಗಿ ಕೂತು ಉಂಡ. ಅನ್ನ ಮುದ್ದೆಯಾಗಿತ್ತು, ಆಲೂಗಡ್ಡೆಗೆ ಉಪ್ಪು ಮರೆತಿತ್ತು.

“ಮೇಲೆ ಉಪ್ಪು ಹಾಕ್ಕೊಂಡರಾಯ್ತು ಬಿಡು ತಾತ,” ಅಂದಳು ಮೊಮ್ಮಗಳು.

ದಿನವೂ ಮಾಡತೊಡಗಿದರು. ಕಾಲು ಊದಿಕೊಳ್ಳುತ್ತಿತ್ತು. ಒಂದು ಸಂಜೆ ಅವರು ಬೇಳೆ ಕದಡುತ್ತಿದ್ದಾಗ ಮುಂದಿನ ಕೋಣೆಯಲ್ಲಿ ಅಪ್ಪ, ಮಗಳು ಯಾತಕ್ಕೋ ಜೋರಾಗಿ ನಕ್ಕರು. ತಾತ ಸೌಟು ನಿಲ್ಲಿಸಿ, “ಏನಂತೆ?” ಅಂತ ಕೂಗಿದರು. ಕೇಳಿಸಲಿಲ್ಲವೇನೋ. “ಏನಂತೆ ಅದು?” ಮತ್ತೆ ಕೂಗಿದರು. ಮೊಮ್ಮಗಳು ಬಾಗಿಲಿಗೆ ಬಂದು, “ಏನಿಲ್ಲ ತಾತ, ಸುಮ್ನೆ” ಅಂದು ಹೋದಳು. ಮತ್ತೆ ನಗು.

ಹೆಂಡತಿಯೂ ಹೀಗೇ ಕೂಗುತ್ತಿದ್ದಳು. ಮನೆಗೆ ಸ್ನೇಹಿತರು ಬಂದು ಹರಟುವಾಗಲೆಲ್ಲ ಒಳಗಿನಿಂದ “ಏನಂತೆ? ಏನಂತೆ?” ಅನ್ನುತ್ತಿದ್ದಳು. “ಏನಿಲ್ಲ, ನಿನ್ನ ಕೆಲಸ ನೋಡು” ಅಂತ ತಾವೇ ಎಷ್ಟೋ ಸಲ ಗದರಿದ್ದರು. ಬರುಬರುತ್ತ ಕೇಳುವುದನ್ನೇ ಬಿಟ್ಟಿದ್ದಳು. ಎಂದಿನಿಂದ ಬಿಟ್ಟಳು ಅನ್ನುವುದನ್ನೂ ಅವರು ಗಮನಿಸಿರಲಿಲ್ಲ. ಬೇಳೆ ತಳ ಹಿಡಿಯುವ ವಾಸನೆ ಬಂದಾಗ ಒಲೆ ಆರಿಸಿ, ಗೋಡೆಗೆ ಕೈಯೂರಿಕೊಂಡು ಅಲ್ಲೇ ನಿಂತರು.

ಗೋಡೆ ಒಡೆಸಿಬಿಡೋಣ ಅನ್ನಿಸಿತು. ಆದರೆ ಅದು ಆಗದ ಮಾತು ಅಂತ ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೇಲಿನ ಅಂತಸ್ತುಗಳ ಭಾರವನ್ನೆಲ್ಲ ಆ ಗೋಡೆಯೊಳಗಿನ ಕಂಬದ ಮೇಲೆ ತಂದಿಟ್ಟವರು ಅವರೇ. ಊಟಕ್ಕೆ ಕೂತಾಗ ಮಗನಿಗೆ, “ಈ ಮನೆ ಮಾರಿಬಿಡು. ನೀವು ಎಲ್ಲಿ ಹೇಳ್ತೀರೋ ಅಲ್ಲಿಗೆ ಬರ್ತೀನಿ” ಅಂದರು.

ಮಗ ತುತ್ತು ಕೈಯಲ್ಲೇ ಹಿಡಿದು ಹೆಂಡತಿಯ ಮುಖ ನೋಡಿದ. ಅವಳು ಅಂದೇ ಮೊದಲ ಸಲ ಮಾವ ಮಾಡಿದ ಅಡುಗೆ ಬಡಿಸಿಕೊಂಡಿದ್ದಳು. “ಸರಿ ಮಾವ,” ಅಂದಳು, ಅಷ್ಟೇ.

ಪ್ರದರ್ಶನ ಹತ್ತಿರ ಬಂದಾಗ ನಕ್ಷೆ ವಿಭಾಗದ ಹುಡುಗಿ ಮತ್ತೆ ಫೋನು ಮಾಡಿದಳು. ಡಿಪೋ ಸಾಲಿನ ನಕ್ಷೆಯನ್ನು ದೊಡ್ಡ ಚೌಕಟ್ಟಿನಲ್ಲಿ ಹಾಕುತ್ತೇವೆ, ಪಕ್ಕದಲ್ಲಿ ಹಾಕಲು ಎರಡು ಸಾಲು ಬರೆದುಕೊಡಿ ಅಂದಳು.

“ಬರೀತೀನಿ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಹಾಕಬೇಕು. ನಾವಿರೋ ಕಟ್ಟಡದ್ದು. ಅನುಮತಿಗೆ ಕೊಟ್ಟ ನಕ್ಷೆ ನಿಮ್ಮಲ್ಲೇ ಇರುತ್ತೆ.”

ಹುಡುಗಿ ಹುಡುಕಿ ತೆಗೆದು ನೋಡಿ, ಮರುದಿನ ಸಂಕೋಚದಿಂದ ಕೇಳಿದಳು, “ಸರ್, ಇದರಲ್ಲಿ ಅಡುಗೆಮನೆ... ನೋಡಿದವರು ನಿಮ್ಮ ಬಗ್ಗೆ ಏನಂದುಕೊಳ್ತಾರೆ?”

“ಇದ್ದದ್ದನ್ನೇ ಅಂದುಕೊಳ್ಳಲಿ.”

ಪತ್ರಿಕೆಯವರಿಗೆ ಅದೇ ರುಚಿಸಿತು. ಎರಡೂ ನಕ್ಷೆ ಅಕ್ಕಪಕ್ಕ ಅಚ್ಚಾದವು. ಆ ಬೆಳಿಗ್ಗೆಯೇ ಕಟ್ಟಡದ ಸಂಘದ ಅಧ್ಯಕ್ಷರು ಬಂದು ಬಾಗಿಲು ತಟ್ಟಿದರು.

“ಏನು ಸರ್ ಇದು? ನಮ್ಮ ಬಿಲ್ಡಿಂಗಿನ ಮರ್ಯಾದೆ ಬೀದಿಗೆ ತಂದ್ರಲ್ಲ! ನಾಳೆ ಇಲ್ಲಿ ಮನೆ ಕೇಳೋಕೆ ಯಾರು ಬರ್ತಾರೆ?”

“ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ,” ಅಂದರು ತಾತ.

ಅಧ್ಯಕ್ಷರು ಹೋದ ಮೇಲೆ ಮಗ ಎಗರಾಡಿದ. “ಮಾರು ಅಂತ ನೀವೇ ಹೇಳಿದ್ರಿ. ಮಾರೋ ಹೊತ್ತಿಗೆ ಊರಿಗೆಲ್ಲ ಡಂಗುರ ಹೊಡೆದ್ರಿ! ಮನೆ ಕೊಳ್ಳೋಕೆ ನಿನ್ನೆ ಒಪ್ಪಿದ್ದವರು ಇವತ್ತು ಫೋನೇ ಎತ್ತುತ್ತಿಲ್ಲ. ಇಷ್ಟು ವರ್ಷ ಇಲ್ಲದ ಸತ್ಯ ಈಗ ಯಾಕೆ ಬೇಕಿತ್ತು ನಿಮಗೆ?”

ತಾತ ಎದ್ದು ಒಳಗೆ ಹೋಗಿ ಅಕ್ಕಿ ತೊಳೆದಿಟ್ಟರು. ಕಟ್ಟಡದಲ್ಲಿ ಜನ ತಾತನ ಜೊತೆ ಮಾತು ಬಿಟ್ಟರು. ಅವರು ಬರುವುದು ಕಂಡರೂ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಂದು ದಿನ ಮೆಟ್ಟಿಲಲ್ಲಿ ಸಿಕ್ಕ ಮೇಲಿನ ಮನೆಯ ಗೃಹಿಣಿಯೊಬ್ಬಳು ಮಾತ್ರ ಅತ್ತಿತ್ತ ನೋಡಿ, “ಒಳ್ಳೇದಾಯ್ತು ಸರ್” ಅಂತ ಪಿಸುಗುಟ್ಟಿ, ಗಂಡ ಕೂಗಿದ್ದಕ್ಕೆ ಅವಸರದಿಂದ ಮೇಲೆ ಹತ್ತಿದಳು.

ಬೆಳಗಿನ ಅಡುಗೆ ಮುಗಿಸಿ, ಪಾತ್ರೆಗಳನ್ನು ಮುಚ್ಚಿಟ್ಟು, ತಾತ ದಿನವೂ ಪ್ರದರ್ಶನಕ್ಕೆ ಹೋಗತೊಡಗಿದರು. ಅಲ್ಲಿ ಅವರನ್ನು ಗುರುತಿಸುವವರಿರಲಿಲ್ಲ. ಆ ಎರಡು ನಕ್ಷೆಗಳ ಎದುರಿಗಿದ್ದ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಬರುತ್ತಿದ್ದರು.

ಕೊನೆಯ ದಿನ ಸೊಸೆ ಆಸ್ಪತ್ರೆಯಿಂದ ನೇರ ಅಲ್ಲಿಗೆ ಬಂದಳು. ಯಾರಿಗೂ ಹೇಳಿರಲಿಲ್ಲ. ಬೆಂಚಿನ ಮೇಲಿದ್ದ ಮಾವನನ್ನು ನೋಡಿ ಒಂದು ಕ್ಷಣ ತಡೆದು, ಆಮೇಲೆ ನಕ್ಷೆಗಳ ಮುಂದೆ ನಿಂತಳು. ಎರಡರ ನಡುವೆ ಒಂದು ಪುಟ್ಟ ಬಿಳಿ ಹಲಗೆ. ಅದರ ಮೇಲೆ ತಾತ ಬರೆದುಕೊಟ್ಟದ್ದು:

‘ಎರಡೂ ನನ್ನವೇ. ಮೊದಲನೆಯದರಲ್ಲಿ ಯಾರು ಯಾರು ಅಡುಗೆ ಮಾಡಿದರೋ ನನಗೆ ಗೊತ್ತಿಲ್ಲ. ಎರಡನೆಯದರಲ್ಲಿ ನನ್ನ ಹೆಂಡತಿ ಮಾಡಿದಳು.’

ಸೊಸೆ ಅದನ್ನು ಓದಿ, ಇನ್ನೊಮ್ಮೆ ಓದಿದಳು. ತಿರುಗಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

“ಇದನ್ನ ಅತ್ತೆಗೆ ಹೇಳಬೇಕಿತ್ತು ಮಾವ,” ಅಂದಳು ಮೆಲ್ಲಗೆ.

“ಹೌದು.”

ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು, “ಬನ್ನಿ, ಬಸ್ಸು ತುಂಬಿಹೋಗುತ್ತೆ” ಅಂದಳು.

“ನೀನು ಹೊರಡಮ್ಮ. ಮುಚ್ಚೋವರೆಗೂ ಇದ್ದು ಬರ್ತೀನಿ.”

ಅವಳು ಬಲವಂತ ಮಾಡಲಿಲ್ಲ. ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿ ಹೋದಳು.

ತಾತ ಎದ್ದು ಎರಡನೆಯ ನಕ್ಷೆಯ ಹತ್ತಿರ ಹೋಗಿ ನಿಂತರು. ಗೆರೆಗಳು ಅಚ್ಚುಕಟ್ಟಾಗಿದ್ದವು, ಅಳತೆಗಳು ಸರಿಯಾಗಿದ್ದವು, ಕೆಳಗೆ ಅವರ ಸಹಿ ದೊಡ್ಡದಾಗಿತ್ತು. ಯಾವ ಕೋಣೆಯಲ್ಲೂ ಯಾರೂ ಇರಲಿಲ್ಲ. ಹಿಂದಿನಿಂದ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತ ಬಂದರು.

“ಅಯ್ಯೋ, ಥೇಟ್ ನಮ್ಮನೆದೇ ಕಣೆ ಇದು. ಇಗೋ ಒಲೆ, ಇಗೋ ಗೋಡೆ.”

“ಎಲ್ಲಿ, ತೋರಿಸು.”

“ತಾತ, ಸ್ವಲ್ಪ ಆಚೆ ಸರೀತೀರಾ? ಕಾಣಿಸ್ತಿಲ್ಲ.”

“ನೋಡ್ರಮ್ಮ, ನೋಡಿ,” ಅಂದು ತಾತ ಪಕ್ಕಕ್ಕೆ ಸರಿದು ನಿಂತರು.